ಒಡೆದ ನೀರು ಹಸಿರಿದ್ದರೆ ಬಟ್ಟೆ ತೊಳೆಯುತ್ತ ಕೂರಬೇಡಿ

ನೀರು ಒಡೆದಾಗ ಅದರ ಬಣ್ಣ ನೋಡಬೇಕೆಂದು ನನಗೆ ಯಾರೂ ಹೇಳಿರಲಿಲ್ಲ. ಅದನ್ನು ಹೇಳಲಿಕ್ಕೇ ಇಷ್ಟು ಬರೆಯುತ್ತಿದ್ದೇನೆ. ಮನೆಯಲ್ಲಿ ಬಸುರಿ ಇದ್ದವರು, ಅದರಲ್ಲೂ ತಾರೀಖು ದಾಟಿದ ಬಸುರಿ ಇದ್ದವರು, ದಯವಿಟ್ಟು ಪೂರ್ತಿ ಓದಿ.

ನನ್ನದು ಚೊಚ್ಚಲ ಹೆರಿಗೆ. ಕುಬಸ ಮುಗಿಸಿಕೊಂಡು ತವರಿಗೆ ಬಂದಿದ್ದೆ. ಸಿಂಧನೂರಿನಿಂದ ಒಳಗೆ, ಎಡದಂಡೆ ಕಾಲುವೆಯ ಪಕ್ಕದ ಹಳ್ಳಿ ನಮ್ಮದು. ತಾಯಿ ಕಾರ್ಡಿನಲ್ಲಿ ಬರೆದ ತಾರೀಖು ದಾಟಿ ಹತ್ತು ದಿನವಾಗಿತ್ತು, ಅಂದರೆ 41 ವಾರ 3 ದಿನ. ಆಶಾ ಕಾರ್ಯಕರ್ತೆ ಎರಡು ಸಲ ಮನೆಗೆ ಬಂದು, "ಇನ್ನ ಕಾಯಬ್ಯಾಡ್ರಿ, ತಾಲೂಕಾ ಆಸ್ಪತ್ರಿಗೆ ಕರಕೊಂಡು ಹೋಗ್ರಿ" ಎಂದು ಹೇಳಿ ಹೋಗಿದ್ದಳು. ಆದರೆ ಎಳ್ಳಮಾಸಿಗೆ ಮೂರೇ ದಿನ ಉಳಿದಿತ್ತು. ಅಮಾಸಿ ಎದುರಿಗಿಟ್ಟುಕೊಂಡು ಇಂಜೆಕ್ಷನ್ ಹಾಕಿಸಿ ನೋವು ಬರಿಸೋದು ಬ್ಯಾಡ, ಚರಗ ಚೆಲ್ಲಿ ಬಂದಮೇಲೆ ನೋಡಿದರಾಯಿತು ಎಂದು ಅಜ್ಜಿ ಅಂದಳು, ಎಲ್ಲರೂ ಹೂಂ ಅಂದರು. ನಾನೂ ಅಂದೆ. ಪಿಯುಸಿ ಓದಿದವಳು ನಾನು, ಕಾರ್ಡಿನಲ್ಲಿದ್ದ ತಾರೀಖನ್ನು ನಾನೇ ದಿನಾ ತೆಗೆದು ನೋಡುತ್ತಿದ್ದೆ.

ನೀರು ಒಡೆಯುವ ಹಿಂದಿನ ದಿನ ಕೂಸಿನ ಆಟ ಕಡಿಮೆಯಾಗಿತ್ತು. ಊಟವಾದ ಮೇಲೆ ಎಡಗಡೆ ಮಲಗಿದರೆ ಪಕ್ಕೆಗೆ ಒದೆಯುತ್ತಿದ್ದ ಕೂಸು ಅವತ್ತು ಒಂದೆರಡು ಸಲ ಹೊರಳಿ ಸುಮ್ಮನಾಯಿತು. ಅವ್ವನಿಗೆ ಹೇಳಿದೆ. "ದಿನ ತುಂಬಿದಮ್ಯಾಲೆ ಜಾಗ ಸಾಲಂಗಿಲ್ಲ, ಆಟ ಕಮ್ಮಿ ಆಕ್ಕತಿ" ಅಂದಳು. ಇದು ನಮ್ಮ ಕಡೆ ಎಲ್ಲರೂ ಹೇಳುವ ಮಾತು, ಆದರೆ ತಪ್ಪು. ಹೆರಿಗೆಯ ದಿನದವರೆಗೂ ಕೂಸು ಆಡುತ್ತಲೇ ಇರಬೇಕು. ಆಟ ಕಡಿಮೆಯಾದರೆ ಅವತ್ತೇ ಹೋಗಿ ಎದೆಬಡಿತ ಕೇಳಿಸಬೇಕು. ಆ ಸಂಜೆ ಹೋಗಿದ್ದರೆ ಏನಾಗುತ್ತಿತ್ತೋ ಎಂದು ಈಗಲೂ ರಾತ್ರಿ ಎಚ್ಚರವಾದಾಗ ಅನಿಸುತ್ತದೆ.

ಬೆಳಗಿನ ಜಾವ ನಾಲ್ಕರ ಸುಮಾರಿಗೆ ನೀರು ಒಡೆಯಿತು. ಬಚ್ಚಲಮನೆಯ ಬಲ್ಬಿನ ಕೆಳಗೆ ನಿಂತು ನೋಡಿದೆ. ಬಿಳಿ ಲಂಗದ ಮೇಲೆ ತಿಳಿಹಸಿರು ಕಲೆ, ಹೆಸರುಕಾಳು ರಾತ್ರಿ ನೆನೆಹಾಕಿ ಬೆಳಿಗ್ಗೆ ಬಸಿದ ನೀರಿನ ಬಣ್ಣ. ವಾಸನೆಯೇನೂ ಇರಲಿಲ್ಲ. ನೀರು ಹೀಗೇ ಇರುತ್ತದೇನೋ ಅಂದುಕೊಂಡೆ. ನಾಚಿಕೆಯೂ ಆಯಿತು. ಯಾರೂ ಏಳುವ ಮೊದಲೇ ಲಂಗವನ್ನು ಸೋಪು ಹಚ್ಚಿ ತಿಕ್ಕಿ, ಹಿಂಡಿ, ಹಿತ್ತಲ ತಂತಿಗೆ ಹಾಕಿದೆ. ಆಮೇಲೆ ಅವ್ವನನ್ನು ಎಬ್ಬಿಸಿದೆ. ಆಕೆ "ನೀರು ಹೋಗ್ಯಾವ, ನೋವು ಇನ್ನೂ ಬಂದಿಲ್ಲ, ಸಾವಕಾಶ ಹೋಗೋಣು" ಎಂದು ಒಲೆ ಹೊತ್ತಿಸಿ ಸ್ನಾನಕ್ಕೆ ನೀರಿಟ್ಟಳು. ಸಿಂಧನೂರಿನ ಒಂದು ಖಾಸಗಿ ಆಸ್ಪತ್ರೆ ಮುಟ್ಟಿದಾಗ ಒಂಬತ್ತಾಗಿತ್ತು. ಐದು ತಾಸು ಹೋಗಿತ್ತು.

ಆ ಆಸ್ಪತ್ರೆಯ ಹೆಸರು ಬರೆಯುವುದಿಲ್ಲ, ನಡೆದದ್ದನ್ನಷ್ಟೇ ಹೇಳುತ್ತೇನೆ. ಪರೀಕ್ಷೆ ಮಾಡಿದ ಸಿಸ್ಟರ್ ಕೈಗವಸು ನೋಡಿ, "ಮೋಷನ್ ಮಾಡಿಕೊಂಡೈತಿ" ಎಂದು ಇನ್ನೊಬ್ಬಳಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ಯಾರು, ಏನು ಮಾಡಿಕೊಂಡಿತು ಎಂದು ನನಗೆ ತಿಳಿಯಲಿಲ್ಲ. ಕೇಳಿದ್ದಕ್ಕೆ "ಏನಿಲ್ಲ, ನೀ ಮಲಕೋ" ಅಂದಳು. ಹತ್ತು ಗಂಟೆಗೆ ನೋವು ಬರಿಸುವ ಡ್ರಿಪ್ ಹಚ್ಚಿದರು. ಅಲ್ಲಿಂದ ಹೆರಿಗೆಯಾಗುವವರೆಗೆ ಕೂಸಿನ ಎದೆಬಡಿತ ಕೇಳಿದ್ದು ಎರಡೇ ಸಲ. ಹೆರಿಗೆ ನೋವು ಜೋರಾದ ಮೇಲೆ 15ರಿಂದ 30 ನಿಮಿಷಕ್ಕೊಮ್ಮೆ, ಕೂಸು ಹೊರಬರುವ ಹೊತ್ತಿನಲ್ಲಿ ಐದು ನಿಮಿಷಕ್ಕೊಮ್ಮೆ ಎದೆಬಡಿತ ಕೇಳಬೇಕಂತೆ. ನೀರು ಹಸಿರಾಗಿದ್ದು, ಮೇಲೆ ಡ್ರಿಪ್ ಬೇರೆ ಓಡುತ್ತಿದ್ದರೆ ಬಿಡದೆ ನೋಡುತ್ತಲೇ ಇರಬೇಕು. ಇದು ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ಮಧ್ಯಾಹ್ನ ಹರಿದ ನೀರು ಬೆಳಗಿನಂತೆ ತೆಳ್ಳಗಿರಲಿಲ್ಲ, ಪುಂಡಿಪಲ್ಯ ಕುದಿಸಿದ ಹಾಗೆ ಗಟ್ಟಿಯಾಗಿತ್ತು. "ಸಿಜೇರಿನ್ ಮಾಡ್ತೀರೇನ್ರಿ" ಎಂದು ನನ್ನ ಗಂಡ ಎರಡು ಸಲ ಕೇಳಿದರು. "ಈಗ ಆಗತೈತಿ, ಗಡಬಡಿ ಮಾಡಬ್ಯಾಡ್ರಿ" ಎಂದರು.

ಮೂರೂವರೆ ಹೊತ್ತಿಗೆ ಮಗ ಹುಟ್ಟಿದ. ಅಳಲಿಲ್ಲ.

ಕೋಣೆಯಲ್ಲಿ ನನಗೆ ಕೇಳುತ್ತಿದ್ದದ್ದು ಚಟ್ ಚಟ್ ಎಂಬ ಸದ್ದು. ಕಾಲು ಹಿಡಿದು ತಲೆಕೆಳಗೆ ಮಾಡಿ ಬೆನ್ನಿಗೆ ಬಡಿಯುತ್ತಿದ್ದರು. ಆಮೇಲೆ ಬಾಯಿಗೆ ನಳಿಕೆ ಹಾಕಿ ಎಳೆದರು, ಆಮೇಲೆ ಮಾಸ್ಕ್ ಇಟ್ಟು ಚೀಲ ಒತ್ತಿದರು. ಸಣ್ಣದೊಂದು ನರಳಾಟ ಕೇಳಿತು. "ಕೂಸು ಹೊಲಸು ನೀರು ಕುಡದೈತಿ, ರಾಯಚೂರಿಗೆ ಒಯ್ಯಿರಿ, ನಮ್ಮಲ್ಲಿ ಮಿಷನ್ ಇಲ್ಲ." ಬೆಳಿಗ್ಗೆ ಒಂಬತ್ತಕ್ಕೂ ಅವರಲ್ಲಿ ಆ ಮಿಷನ್ ಇರಲಿಲ್ಲ. ಹೇಳಿದ್ದರೆ ಕೂಸು ಹೊಟ್ಟೆಯಲ್ಲಿರುವಾಗಲೇ ಹೋಗಬಹುದಿತ್ತು. ನನಗೆ ಇದೊಂದನ್ನು ಮಾತ್ರ ಕ್ಷಮಿಸಲಿಕ್ಕೆ ಆಗುತ್ತಿಲ್ಲ.

ಪೋತ್ನಾಳ, ಮಾನ್ವಿ ದಾಟಿ ರಾಯಚೂರು ಮುಟ್ಟಲು ಎರಡು ತಾಸು. ಭತ್ತದ ಸುಗ್ಗಿ, ಅರ್ಧ ರಸ್ತೆಗೆ ಭತ್ತ ಹರವಿದ್ದರು, ಗಾಡಿ ಅಲ್ಲಲ್ಲಿ ನಿಧಾನ ಮಾಡಬೇಕಾಯಿತು. ಕೂಸು ನನ್ನ ಗಂಡನ ತೊಡೆಯ ಮೇಲೆ, ಮೂಗಿಗೆ ಆಕ್ಸಿಜನ್. ಪ್ರತಿ ಉಸಿರಿಗೂ ಎದೆಗೂಡಿನ ಕೆಳಗೆ ಗುಳಿ ಬೀಳುತ್ತಿತ್ತಂತೆ. ದೊಡ್ಡಾಸ್ಪತ್ರೆಯ ಮಕ್ಕಳ ಡಾಕ್ಟರ್ ಮೊದಲು ಕೇಳಿದ್ದೇ "ನೀರು ಒಡೆದದ್ದು ಎಷ್ಟು ಗಂಟೆಗೆ? ಬಣ್ಣ ಹೆಂಗಿತ್ತು? ತೆಳ್ಳಗಿತ್ತೋ ದಪ್ಪಗಿತ್ತೋ?" ಎಂದು. ಗಂಡನಿಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ಕೊಟ್ಟು ಕಳಿಸಿದ ಚೀಟಿಯಲ್ಲಿ ಕೂಸು ಅಳಲಿಲ್ಲ ಎಂಬ ಒಂದೇ ಸಾಲು. ಬಣ್ಣ ನೋಡಿದವಳು ನಾನು, ನಾನು ಸಿಂಧನೂರಿನ ಮಂಚದ ಮೇಲಿದ್ದೆ. ಲಂಗ ಹಿತ್ತಲಲ್ಲಿ ಒಣಗುತ್ತಿತ್ತು.

ಮೂರನೇ ದಿನ ನನ್ನನ್ನು ಕರೆದೊಯ್ದರು. ವೆಂಟಿಲೇಟರ್ ನಳಿಕೆ ಬಾಯಲ್ಲಿ, ಕಣ್ಣು ಮುಚ್ಚಿ ಮಲಗಿದ್ದ. ಕೈ ತೊಳೆದುಕೊಂಡು ಬೆರಳು ಮುಟ್ಟಿದೆ. ಇಷ್ಟಿಷ್ಟೇ ಉಗುರು, ಹತ್ತಕ್ಕೆ ಹತ್ತೂ ಹಳದಿಹಸಿರು, ಅರಿಶಿಣದಲ್ಲಿ ಎಲೆ ಅರೆದು ಹಚ್ಚಿದ ಹಾಗೆ. ಹೊಕ್ಕಳಬಳ್ಳಿಯ ತುಂಡೂ ಅದೇ ಬಣ್ಣ. ಉಗುರು ಹೀಗೆ ಹಿಡಿಯಬೇಕಾದರೆ ಕೂಸು ಆ ನೀರಿನಲ್ಲಿ ಬಹಳ ತಾಸು ಇದ್ದಿರಬೇಕು ಎಂದು ಡಾಕ್ಟರ್ ಹೇಳಿದರು.

ಅವರು ಬೆಂಚಿನ ಮೇಲೆ ಕೂತು ತಿಳಿಸಿ ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಬರೆಯುತ್ತೇನೆ. ಕೂಸಿನ ಮೊದಲ ಮಲಕ್ಕೆ ಮೆಕೋನಿಯಂ ಅನ್ನುತ್ತಾರೆ. ಹೊಟ್ಟೆಯಲ್ಲಿ ನುಂಗಿದ ನೀರು, ಮೈಮೇಲಿನ ನವಿರು ಕೂದಲು, ಪಿತ್ತ, ಕರುಳಿನ ಪೊರೆಯ ಚೂರು ಎಲ್ಲ ಸೇರಿ ಕಾಡಿಗೆಯಂತೆ ಜಿಗುಟಾಗಿರುವ ಕರಿಹಸಿರು ಮಲ ಅದು. ಹುಟ್ಟಿದ ಮೇಲೆ ಒಂದೆರಡು ದಿನದಲ್ಲಿ ಹೋಗಬೇಕಾದದ್ದು. ಆದರೆ ನೂರು ಹೆರಿಗೆಯಲ್ಲಿ ಹತ್ತು ಹದಿನೈದರಲ್ಲಿ ಹೊಟ್ಟೆಯಲ್ಲಿರುವಾಗಲೇ ಹೋಗಿಬಿಡುತ್ತದೆ. 34 ವಾರಕ್ಕೆ ಮೊದಲು ಇದು ಅಪರೂಪ. ದಿನ ತುಂಬಿದಷ್ಟೂ ಕರುಳು ಬಲಿತಿರುತ್ತದೆ, ತಾರೀಖು ದಾಟಿದಷ್ಟೂ ಹೆಚ್ಚು. ತಾಯಿಗೆ ಬಿಪಿ ಏರಿದ್ದರೆ, ನೀರು ಕಡಿಮೆಯಿದ್ದರೆ, ಕೂಸು ಬೆಳೆದಿರದಿದ್ದರೆ, ಮಾಸಿನಿಂದ (ಪ್ಲಾಸೆಂಟಾದಿಂದ) ಆಮ್ಲಜನಕ ಸಾಕಷ್ಟು ಬರದೆ ಕೂಸು ಕಂಗಾಲಾಗಿದ್ದರೂ ಆಗುತ್ತದೆ.

ಹಸಿರು ನೀರು ಎಂದ ಮಾತ್ರಕ್ಕೆ ಎದೆ ಒಡೆದುಕೊಳ್ಳಬೇಡಿ. ಅಂಥ ನೂರು ಕೂಸುಗಳಲ್ಲಿ ತೊಂಬತ್ತಕ್ಕೂ ಹೆಚ್ಚು ಏನೂ ತೊಂದರೆಯಿಲ್ಲದೆ ಅಳುತ್ತಲೇ ಹುಟ್ಟುತ್ತವೆ. ಸುಮಾರು ಐದು ಕೂಸಿಗೆ ಅದು ಪುಪ್ಪುಸಕ್ಕೆ ಇಳಿಯುತ್ತದೆ. ಉಸಿರು ಸಾಲದೆ ಕೂಸು ಏದುಸಿರು ಎಳೆದಾಗ ನೀರಿನ ಜೊತೆ ಮಲವೂ ಒಳಗೆ ಹೋಗಿ ಸಣ್ಣ ಗಾಳಿನಾಳಗಳಿಗೆ ಮೆತ್ತಿಕೊಳ್ಳುತ್ತದೆ. ಎಳೆದ ಗಾಳಿ ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಎದೆ ಉಬ್ಬುತ್ತದೆ, ಕೆಲವು ಸಲ ಪುಪ್ಪುಸವೇ ತೂತಾಗಿ ಗಾಳಿ ಸೋರುತ್ತದೆ. ಗಾಳಿಚೀಲಗಳು ಅಂಟಿಕೊಳ್ಳದಂತೆ ತಡೆಯುವ ಸರ್ಫ್ಯಾಕ್ಟಂಟ್ ಎಂಬ ದ್ರವವನ್ನು ಅದು ಕೆಡಿಸುತ್ತದೆ, ಒಳಗೆಲ್ಲ ಬಾವು ಬರಿಸುತ್ತದೆ. ನನ್ನ ಮಗನಿಗೆ ಇದರ ಮೇಲೆ ಪುಪ್ಪುಸದ ರಕ್ತನಾಳಗಳು ಬಿಗಿದುಕೊಂಡು ಒತ್ತಡ ಏರಿತ್ತು. ಆಕ್ಸಿಜನ್ ಎಷ್ಟು ಕೊಟ್ಟರೂ ರಕ್ತಕ್ಕೆ ಹತ್ತುತ್ತಿರಲಿಲ್ಲ.

ಬೆನ್ನಿಗೆ ಬಡಿದದ್ದನ್ನು ಹೇಳಿದಾಗ ಅವರು ತಲೆ ಅಲ್ಲಾಡಿಸಿದರು. ಅಳುವ ಕೂಸಿಗೆ ನಳಿಕೆ ಹಾಕಿ ಎಳೆಯುವ ಅಗತ್ಯವೇ ಇಲ್ಲ, ಅಳದ ಕೂಸಿಗೆ ಹುಟ್ಟಿದ ಮೊದಲ ನಿಮಿಷದಲ್ಲೇ ಚೀಲ ಒತ್ತಿ ಉಸಿರು ಕೊಡಬೇಕು. ಅಳದ ಕೂಸಿಗೆಲ್ಲ ಶ್ವಾಸನಾಳಕ್ಕೆ ನಳಿಕೆ ಇಳಿಸಿ ಎಳೆಯುವ ಹಳೆಯ ಪದ್ಧತಿಯನ್ನೇ 2015ರ ನಂತರ ಕೈಬಿಟ್ಟಿದ್ದಾರೆ. ನನ್ನ ಮಗ ತಲೆಕೆಳಗಾಗಿ ನೇತಾಡಿದ ಆ ನಿಮಿಷಗಳು ಅವನ ಉಸಿರಿನ ನಿಮಿಷಗಳು.

ನಾಲ್ಕು ದಿನ ವೆಂಟಿಲೇಟರ್, ಐದು ದಿನ ಮೂಗಿನ ನಳಿಕೆಯ ಗಾಳಿ. ನಾನು ಎರಡು ತಾಸಿಗೊಮ್ಮೆ ಸ್ಟೀಲ್ ಬಟ್ಟಲಿಗೆ ಹಾಲು ಹಿಂಡಿ ಕೊಡುತ್ತಿದ್ದೆ. ಮೊದಲ ದಿನ ಬಟ್ಟಲ ತಳ ಮುಚ್ಚುವಷ್ಟೂ ಬರಲಿಲ್ಲ. ಹದಿಮೂರನೇ ದಿನ ಮನೆಗೆ ಬಂದೆವು. ಕಿವಿ ಪರೀಕ್ಷೆ ಒಂದು ಸಲ ಆಗಿದೆ, ಮತ್ತೆ ಮಾಡಿಸಲು ಹೇಳಿದ್ದಾರೆ. ಕುತ್ತಿಗೆ ನಿಲ್ಲುವುದು, ಕೂರುವುದು ಎಲ್ಲವನ್ನೂ ತಾರೀಖು ಹಾಕಿ ಬರೆದಿಡುತ್ತಿದ್ದೇನೆ.

ಅದಕ್ಕೇ ಕೇಳಿಕೊಳ್ಳುತ್ತೇನೆ. ತಾರೀಖು ದಾಟಿ ಒಂದು ವಾರವಾದರೆ, ಅಂದರೆ 41 ವಾರ ತುಂಬಿದರೆ, ಅಮಾಸಿ ಇರಲಿ ಹುಣ್ಣಿಮೆ ಇರಲಿ, ಆಸ್ಪತ್ರೆಗೆ ಹೋಗಿ. ವಿಶ್ವ ಆರೋಗ್ಯ ಸಂಸ್ಥೆಯೂ ಆ ಹೊತ್ತಿಗೆ ನೋವು ಬರಿಸಬೇಕೆಂದೇ ಹೇಳುತ್ತದೆ. ಕೊನೆಯ ತಿಂಗಳಲ್ಲಿ ಬಿಳಿ ಬಟ್ಟೆ ಇಟ್ಟುಕೊಳ್ಳಿ, ಬಣ್ಣದ ಸೀರೆಯಲ್ಲಿ ಹಸಿರು ಕಾಣುವುದಿಲ್ಲ. ನೀರು ಒಡೆದ ಗಂಟೆ ಬರೆದಿಡಿ. ಹಸಿರು, ಹಳದಿ, ಕಂದು ಯಾವ ಬಣ್ಣ ಕಂಡರೂ ಆ ಬಟ್ಟೆಯನ್ನು ಕವರಿಗೆ ಹಾಕಿಕೊಂಡು, 108ಕ್ಕೆ ಫೋನ್ ಮಾಡಿ ಹೊರಡಿ. ನೋವು ಬರಲೆಂದು ಕಾಯಬೇಡಿ, ಔಡಲೆಣ್ಣೆ ಕುಡಿಸಬೇಡಿ.

ಆಸ್ಪತ್ರೆಯಲ್ಲಿ ಮೊದಲು ಕೇಳಬೇಕಾದದ್ದು, ಕೂಸು ಅಳದಿದ್ದರೆ ನೋಡುವ ಮಕ್ಕಳ ಡಾಕ್ಟರ್ ಇದ್ದಾರೆಯೇ, ವೆಂಟಿಲೇಟರ್ ಇದೆಯೇ, ಸಿಜೇರಿನ್ ಈಗಲೇ ಮಾಡಲಿಕ್ಕೆ ಆಗುತ್ತದೆಯೇ ಎಂದು. ಇಲ್ಲ ಅಂದರೆ ಕೂಸು ಹೊಟ್ಟೆಯಲ್ಲಿರುವಾಗಲೇ ಮುಂದಕ್ಕೆ ಹೋಗಲು ಆದೀತೇ ಎಂದು ಅಲ್ಲಿಯ ಡಾಕ್ಟರನ್ನೇ ಕೇಳಿ. ರಾಯಚೂರಿಗೆ ರಿಮ್ಸ್, ಬಳ್ಳಾರಿಗೆ ನಾವು ವಿಮ್ಸ್ ಅನ್ನುವ ದೊಡ್ಡಾಸ್ಪತ್ರೆ, ಕೊಪ್ಪಳಕ್ಕೂ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಜನನಿ ಶಿಶು ಸುರಕ್ಷಾ ಯೋಜನೆಯಲ್ಲಿ ಸರ್ಕಾರಿ ಆಸ್ಪತ್ರೆಯ ಹೆರಿಗೆ, ಸಿಜೇರಿನ್, ಹೋಗಿಬರುವ ಗಾಡಿ, ಕಾಯಿಲೆ ಬಿದ್ದ ಹಸುಗೂಸಿನ ಚಿಕಿತ್ಸೆ ಎಲ್ಲ ಉಚಿತ. ನಾವು ಖಾಸಗಿಗೆ ಹೋದದ್ದು ಅಲ್ಲಿ ಚೆನ್ನಾಗಿ ನೋಡುತ್ತಾರೆಂದು.

ಹುಟ್ಟಿದ ಮೇಲೆ ಅತ್ತ ಕೂಸಿನ ಮೇಲೂ ಒಂದು ದಿನ ಕಣ್ಣಿಡಿ. ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರು, ಮೂಗಿನ ಹೊಳ್ಳೆ ಅರಳುವುದು, ನರಳುವುದು, ಎದೆಯಲ್ಲಿ ಗುಳಿ ಬೀಳುವುದು, ತುಟಿ ನೀಲಿಯಾಗುವುದು ಕಂಡರೆ ಆ ಕ್ಷಣವೇ ಕೂಗಿ ಕರೆಯಿರಿ.

ನನ್ನ ತಂಗಿಗೆ ಈಗ ಎಂಟನೇ ತಿಂಗಳು. ಅವಳ ಬ್ಯಾಗಿಗೆ ಬಿಳಿ ಧೋತರ ಹರಿದು ಮಾಡಿದ ಮೂರು ತುಂಡು ಹಾಕಿಟ್ಟಿದ್ದೇನೆ. ತಾಯಿ ಕಾರ್ಡಿನ ತಾರೀಖಿಗೆ ಏಳು ದಿನ ಕೂಡಿಸಿ, ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಸುತ್ತು ಹಾಕಿದವಳು ಅವ್ವ.