ಐವತ್ತು ಲಕ್ಷ ಕಾರ್ಡುಗಳ ದಫ್ತರ: ರೆಡ್‌ಕ್ರಾಸ್‌ನ ಯುದ್ಧಕೈದಿಗಳ ಡಿಜಿಟಲ್ ಸಂಗ್ರಹ

ಮೊದಲ ಮಹಾಯುದ್ಧದಲ್ಲಿ ಸೆರೆಸಿಕ್ಕವರ ವಿವರಗಳಿರುವ ಸುಮಾರು 50 ಲಕ್ಷ ಕಾರ್ಡುಗಳನ್ನು ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯು 2014ರಲ್ಲಿ ಅಂತರಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿತು. ಬಳಸಲು ಶುಲ್ಕವಿಲ್ಲ; ಆದರೆ ತಾಳ್ಮೆ ಬೇಕು, ಅದೂ ಸಾಕಷ್ಟು ಬೇಕು.

ಇಲ್ಲಿ ಹೆಸರು ಬರೆದ ತಕ್ಷಣ ಉತ್ತರ ಸಿಗುವುದಿಲ್ಲ. ಕೈದಿ ಯಾವ ದೇಶದವನು, ಸೈನಿಕನೋ ನಾಗರಿಕನೋ ಎಂಬುದನ್ನು ಆರಿಸಿ ಮನೆತನದ ಹೆಸರನ್ನು ಕೊಟ್ಟರೆ, ಆ ಹೆಸರು ಇರಬಹುದಾದ ಕಾರ್ಡುಗಳ ಕಟ್ಟು ತೆರೆದುಕೊಳ್ಳುತ್ತದೆ. ಮುಂದಿನ ಕೆಲಸ, ಹಳೆಯ ಗ್ರಂಥಾಲಯದ ಡ್ರಾಯರ್ ಎಳೆದು ನೋಡುವಂತೆ, ಒಂದೊಂದೇ ಚಿತ್ರವನ್ನು ಸರಿಸುತ್ತ ಹೋಗುವುದು. ಪರದೇಶದ ಹೆಸರನ್ನು ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದಿರುವ ಸಾಧ್ಯತೆ ಇರುವುದರಿಂದ, ಆಸುಪಾಸಿನ ಕಾಗುಣಿತಗಳನ್ನೂ ನೋಡದೆ ಕೈಬಿಡಬಾರದು. ಕಾರ್ಡು ಸಿಕ್ಕರೂ ಅದು ಅರ್ಧ ದಾರಿ ಮಾತ್ರ. ಅದರ ಮೇಲೆ ಕೈಬರಹದಲ್ಲಿ ‘ಪಿ’ ಅಕ್ಷರದ ಜೊತೆ ಒಂದು ಸಂಖ್ಯೆಯಿದ್ದರೆ, ಸೆರೆಹಿಡಿದ ದೇಶ ಕಳುಹಿಸಿದ ಪಟ್ಟಿಯ ಆ ಪುಟಕ್ಕೆ ಹೋಗಬೇಕು. ರೆಜಿಮೆಂಟು, ಶಿಬಿರ ಮುಂತಾದ ವಿವರಗಳನ್ನು ಹುಡುಕಬೇಕಾದದ್ದು ಅಲ್ಲಿ.

ಈ ಪಟ್ಟಿಗಳು ರೆಡ್‌ಕ್ರಾಸ್ ಸಮಿತಿಯ ಕೇಂದ್ರವಾದ ಸ್ವಿಟ್ಜರ್‌ಲ್ಯಾಂಡಿನ ಜಿನೀವಾ ತಲುಪಿದ್ದೇ ಒಂದು ರಾಜತಾಂತ್ರಿಕ ಸಾಧನೆ. ಯುದ್ಧದಲ್ಲಿರುವ ಪ್ರತಿ ದೇಶವೂ ಕೈದಿಗಳ ಮಾಹಿತಿ ಕಚೇರಿ ತೆರೆಯಬೇಕೆಂದು ಯುದ್ಧದ ರೀತಿನೀತಿ ಕುರಿತ 1907ರ ಅಂತರರಾಷ್ಟ್ರೀಯ ಹೇಗ್ ನಿಯಮಾವಳಿ ಹೇಳಿತ್ತಾದರೂ, ಶತ್ರುಗಳ ನಡುವೆ ಪಟ್ಟಿಗಳನ್ನು ಅತ್ತಿಂದಿತ್ತ ಸಾಗಿಸಲು ಇಬ್ಬರೂ ನಂಬುವ ಒಂದು ಜಾಗ ಬೇಕಿತ್ತು. ರೆಡ್‌ಕ್ರಾಸ್ ಸಮಿತಿಯ ಅಧ್ಯಕ್ಷ ಗುಸ್ತಾವ್ ಅಡೋರ್ ಅವರ ನೇತೃತ್ವದಲ್ಲಿ 1914ರ ಆಗಸ್ಟ್‌ನಲ್ಲಿ ಜಿನೀವಾದಲ್ಲಿ ಆರಂಭವಾದ ಅಂತರರಾಷ್ಟ್ರೀಯ ಯುದ್ಧಕೈದಿಗಳ ಸಂಸ್ಥೆ ಆ ಕೊರತೆ ತುಂಬಿತು. ಮನೆಯವರು ವಿಚಾರಿಸಿ ಬರೆದ ಪತ್ರಕ್ಕೊಂದು ಕಾರ್ಡು, ಪಟ್ಟಿಯಲ್ಲಿ ಬಂದ ಹೆಸರಿಗೊಂದು ಕಾರ್ಡು. ಎರಡೂ ಒಂದೇ ಕಟ್ಟಿನಲ್ಲಿ ಪಕ್ಕಪಕ್ಕ ಬಂದು ತಾಳೆಯಾದಾಗ ಮನೆಗೆ ಸುದ್ದಿ ಹೋಗುತ್ತಿತ್ತು. ಯಂತ್ರವಿಲ್ಲದ ಕಾಲದಲ್ಲಿ ಇಷ್ಟು ಸರಳವಾದ ಉಪಾಯ ಲಕ್ಷಾಂತರ ಮಂದಿಗೆ ನಡೆದುಬಂದದ್ದು ನನಗೆ ಈಗಲೂ ಬೆರಗಿನ ಸಂಗತಿ.

ಪೂರ್ವ ರಣರಂಗದವರನ್ನು (ರಷ್ಯಾ ಕಡೆಯ ಕದನದವರನ್ನು) ಹುಡುಕುವವರು ಮಾತ್ರ ಇಲ್ಲಿ ಹೆಚ್ಚು ನಿರೀಕ್ಷಿಸಬಾರದು. ಆ ಕೆಲಸವನ್ನು ಬಹುಮಟ್ಟಿಗೆ ಡ್ಯಾನಿಷ್ ರೆಡ್‌ಕ್ರಾಸ್ ಕೋಪನ್‌ಹೇಗನ್‌ನಲ್ಲಿ ನೋಡಿಕೊಂಡಿತ್ತು.

ಜಿನೀವಾದ ಈ ದಾಖಲೆಗಳು 1918ಕ್ಕೆ ನಿಲ್ಲದೆ 1923ರವರೆಗೆ ಸಾಗುತ್ತವೆ. 1918ರ ಕದನವಿರಾಮದ ಕರಾರು ಮಿತ್ರಪಕ್ಷದ ಕೈದಿಗಳನ್ನು ಕೂಡಲೇ ಬಿಡಬೇಕೆಂದು ಜರ್ಮನಿಗೆ ವಿಧಿಸಿತು. ಪ್ರತಿಯಾಗಿ ಜರ್ಮನ್ ಕೈದಿಗಳನ್ನು ಬಿಡುವ ಮಾತು ಅದರಲ್ಲಿರಲಿಲ್ಲ. ಫ್ರಾನ್ಸಿನ ವಶದಲ್ಲಿದ್ದ ಅನೇಕರು ಊರು ಕಂಡದ್ದು 1920ರಲ್ಲಿ. ರಷ್ಯಾದಲ್ಲಿ ಸಿಕ್ಕಿಕೊಂಡವರೂ ಸೇರಿದಂತೆ ನಾಲ್ಕು ಲಕ್ಷಕ್ಕೂ ಹೆಚ್ಚು ಜನರನ್ನು ಮನೆ ತಲುಪಿಸಲು ವಿಶ್ವಸಂಸ್ಥೆಗೂ ಮುಂಚಿನ ರಾಷ್ಟ್ರಸಂಘವು ಆ ವರ್ಷವೇ ನಾರ್ವೆಯ ಅನ್ವೇಷಕ ಫ್ರಿಟ್ಯೋಫ್ ನಾನ್ಸೆನ್ ಅವರನ್ನು ನೇಮಿಸಬೇಕಾಯಿತು. ಶಾಂತಿಯ ಕರಡು ಬರೆದವರು ಕೈದಿಗಳ ಮರಳುವಿಕೆಯನ್ನು ಎಷ್ಟು ಹಿಂದಕ್ಕೆ ತಳ್ಳಿದ್ದರು ಎಂಬುದು ಆ ಐದು ವರ್ಷಗಳಿಂದಲೇ ತಿಳಿಯುತ್ತದೆ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಹುಡುಕಾಟದ ಕ್ರಮಕ್ಕೆ. ಬಳಸುವವರು ಒಂದು ಹೆಸರಿಗೆ ಒಂದು ಸಂಜೆಯನ್ನೇ ಮೀಸಲಿಡಿ, ಕಾರ್ಡು ಕಂಡೊಡನೆ ‘ಪಿ’ ಸಂಖ್ಯೆಯನ್ನು ಕಾಗದದಲ್ಲಿ ಬರೆದುಕೊಳ್ಳಿ.