ಚಾಟ್ ಎಲ್ಲ ಸೇವ್ ಆಗುತ್ತದೆ ಅಂತ ನಂಬಿದ್ದೆವು, ₹38,400 ಕಟ್ಟಿದೆವು

ಕಾಸರಗೋಡು ಪೇಟೆಯಲ್ಲಿ ನಮ್ಮದೊಂದು ಸಣ್ಣ ಶೇರು ಆಫೀಸು. ಕಾಗದದಲ್ಲಿ ಆಥರೈಸ್ಡ್ ಪರ್ಸನ್, ಅಂದರೆ ಒಂದು ಬ್ರೋಕರ್ ಕಂಪನಿಯ ಕೆಳಗೆ ಕೆಲಸ ಮಾಡುವವರು, ಜನರ ಬಾಯಲ್ಲಿ ಇವತ್ತಿಗೂ ಸಬ್ ಬ್ರೋಕರ್. ನಾನು, ಗ್ರಾಹಕರ ಆರ್ಡರ್ ಹಾಕುವ ಮೂವರು ಡೀಲರ್‌ಗಳು, ಬ್ಯಾಕ್ ಆಫೀಸಿಗೆ ಒಬ್ಬರು. ಗ್ರಾಹಕರು ಅಂದರೆ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಡಿಕೆ ಕೃಷಿಕರು, ರಿಟೈರ್ ಆದ ಮಾಸ್ಟ್ರುಗಳು, ಗಲ್ಫಿನಲ್ಲಿರುವ ನಮ್ಮೂರವರು. ಆರ್ಡರ್ ಬರುವುದು ಜಾಸ್ತಿ ವಾಟ್ಸಾಪಿನಲ್ಲೇ. ಆ ಚಾಟ್‌ಗಳನ್ನು ನಿಯಮದ ಪ್ರಕಾರ ಕಾದಿಡಲಿಕ್ಕೆ 2024ರ ಏಪ್ರಿಲ್‌ನಲ್ಲಿ ಒಂದು ಸಿಸ್ಟಮ್ ಹಾಕಿಸಿಕೊಂಡೆವು. ಅದರಿಂದ ಆದ ನಷ್ಟವನ್ನು ಇಲ್ಲಿ ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಹಾಕುವುದಿಲ್ಲ. ಇದೇ ತೊಂದರೆ ಬೇರೆ ಕಂಪನಿಯ ಸಿಸ್ಟಮ್‌ನಲ್ಲೂ ಇರಬಹುದು, ಹೆಸರು ನೋಡಿ ನೀವು ನಿಶ್ಚಿಂತೆಯಿಂದ ಕೂತುಬಿಟ್ಟರೆ ನಾನು ಬರೆದು ಪ್ರಯೋಜನ ಇಲ್ಲ.

ಇದು ಯಾಕೆ ಬೇಕು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಶೇರು ಮಾರ್ಕೆಟ್ಟಿನ ನಿಯಂತ್ರಕ ಸೆಬಿ 2017ರ ಸೆಪ್ಟೆಂಬರ್ 26ರಂದು ಒಂದು ಸುತ್ತೋಲೆ ಹೊರಡಿಸಿತು. ಗ್ರಾಹಕರು ಆರ್ಡರ್ ಕೊಟ್ಟದ್ದಕ್ಕೆ ಪುರಾವೆ ಇಟ್ಟುಕೊಂಡ ಮೇಲೆಯೇ ಟ್ರೇಡ್ ಹಾಕಬೇಕು. ಸಹಿ ಮಾಡಿದ ಚೀಟಿ ಆಗಬಹುದು, ಫೋನ್ ರೆಕಾರ್ಡಿಂಗ್ ಆಗಬಹುದು, ಇಮೇಲ್ ಆಗಬಹುದು, ಮೊಬೈಲ್ ಮೆಸೇಜಿನ ದಾಖಲೆಯೂ ಆಗಬಹುದು. ತಕರಾರು ಬಂದರೆ ಪುರಾವೆ ತೋರಿಸುವ ಭಾರ ಬ್ರೋಕರ್ ಮೇಲೆ, ಗ್ರಾಹಕರ ಮೇಲಲ್ಲ. ಈ ಕೊನೆಯ ಮಾತನ್ನು ನಾನು ಓದಿದ್ದೆ, ಆದರೆ ಅದರ ತೂಕ ಗೊತ್ತಾದದ್ದು ಹಣ ಕಟ್ಟುವಾಗ.

ಮೊದಲು ನಾವು ಸ್ಕ್ರೀನ್‌ಶಾಟ್ ತೆಗೆದು ಒಂದು ಫೋಲ್ಡರಿಗೆ ಹಾಕುತ್ತಿದ್ದೆವು. ಬ್ರೋಕರ್ ಕಡೆಯಿಂದ ಇನ್‌ಸ್ಪೆಕ್ಷನ್‌ಗೆ ಬಂದವರು ಇದು ಸಾಕಾಗುವುದಿಲ್ಲ, ಐದು ವರ್ಷ ಯಾರೂ ಅಳಿಸಲಾಗದ ಹಾಗೆ ಇಡಿ ಅಂದರು. ನ್ಯಾಯವಾದ ಮಾತೇ. ಆಗ ಒಬ್ಬರು ಸೇಲ್ಸಿನವರು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದರು. ನನ್ನ ಫೋನಿನಿಂದ ಇಂಗ್ಲಿಷಿನಲ್ಲಿ 'ಬೈ 100 ಅಟ್ ಮಾರ್ಕೆಟ್' ಅಂತ ಒಂದು ಮೆಸೇಜ್ ಹಾಕಿಸಿದರು. ಎರಡು ಸೆಕೆಂಡಿನಲ್ಲಿ ಅದು ಅವರ ಸ್ಕ್ರೀನಿನಲ್ಲಿ ಬಂತು. ಹುಡುಕಿ ತೋರಿಸಿದರು, ಪಿಡಿಎಫ್ ಮಾಡಿ ತೋರಿಸಿದರು. ನಂಬರಿಗೆ ತಿಂಗಳಿಗೆ ₹900, ಐದು ನಂಬರ್, ಒಂದು ವರ್ಷದ್ದು ಮುಂಗಡ, ಜಿಎಸ್‌ಟಿ ಸೇರಿ ₹63,720. ಚೆಕ್ ಬರೆದುಕೊಟ್ಟೆ. ನಮ್ಮ ಗ್ರಾಹಕರಲ್ಲಿ ಒಬ್ಬರೂ 'ಬೈ 100 ಅಟ್ ಮಾರ್ಕೆಟ್' ಅಂತ ಬರೆಯುವವರಿಲ್ಲ ಎನ್ನುವುದು ಆ ಹೊತ್ತಿಗೆ ನನ್ನ ತಲೆಗೆ ಹೋಗಲೇ ಇಲ್ಲ.

ಅದೇ ಜೂನ್‌ನಲ್ಲಿ ಒಂದು ದಿನ, ಮಾರ್ಕೆಟ್ ತೆರೆದು ಅರ್ಧ ಗಂಟೆ ಆಗಿತ್ತು. ಹೊರಗೆ ಮಳೆ ಹಿಡಿದು ಹೊಡೆಯುತ್ತಿತ್ತು. ಬದಿಯಡ್ಕ ಕಡೆಯ ಹಿರಿಯ ಗ್ರಾಹಕರೊಬ್ಬರಿಂದ ನಮ್ಮ ಡೀಲರ್ ಹುಡುಗಿಗೆ ವಾಟ್ಸಾಪಿನಲ್ಲಿ ವಾಯ್ಸ್ ಬಂತು. ಅವರು ಟೈಪ್ ಮಾಡುವವರಲ್ಲ. ಕಣ್ಣು ಸರಿ ಕಾಣುವುದಿಲ್ಲ, ಎಲ್ಲವನ್ನೂ ಮಾತಿನಲ್ಲೇ ಹೇಳುತ್ತಾರೆ. ಮಾಡು ಶೀಟಿನದ್ದು, ಅದರ ಮೇಲೆ ಮಳೆ ಬೀಳುವ ಸದ್ದು ಅವರ ಮಾತಿಗಿಂತ ದೊಡ್ಡದಾಗಿ ಕೇಳುತ್ತಿತ್ತಂತೆ. 'ಮಗಳೇ, ಆ ಬ್ಯಾಂಕಿನದ್ದು ಇನ್ನೂರು ಉಂಟಲ್ಲ, ಅದನ್ನು ತೆಗೆದುಬಿಡು' ಅಂತ ಅವಳಿಗೆ ಕೇಳಿಸಿತು. ಅವಳು ಮಾರಿದಳು. 'ಆಯ್ತು ಮಾವ, 200 ಕೊಟ್ಟೆ' ಅಂತ ಕನ್ನಡದಲ್ಲೇ ಬರೆದು ಹಾಕಿದಳು. ಅವರಿಂದ ಉತ್ತರ ಬರಲಿಲ್ಲ. ಅವರು ಬರೆದದ್ದನ್ನು ಓದುವುದು ಕಡಿಮೆ, ಅದು ಅವಳಿಗೂ ಗೊತ್ತು. ಮಾರಿದ ಲೆಕ್ಕದ ಚೀಟಿ, ಅಂದರೆ ಕಾಂಟ್ರಾಕ್ಟ್ ನೋಟ್, ಇಮೇಲಿಗೆ ಹೋಯಿತು. ಇಮೇಲ್ ನೋಡುವವರು ದುಬೈಯಲ್ಲಿರುವ ಮಗ.

ಅಕ್ಟೋಬರಿನಲ್ಲಿ ಮಗ ಹೋಲ್ಡಿಂಗ್, ಅಂದರೆ ಖಾತೆಯಲ್ಲಿರುವ ಶೇರುಗಳ ಪಟ್ಟಿ, ನೋಡಿದರು. ಶೇರು ಇಲ್ಲ. ಅಷ್ಟು ಹೊತ್ತಿಗೆ ರೇಟು ನಾವು ಮಾರಿದ್ದಕ್ಕಿಂತ ಒಂದಕ್ಕೆ ₹192 ಜಾಸ್ತಿ ಆಗಿತ್ತು. ಅಪ್ಪನನ್ನು ಕೇಳಿದರೆ ಅವರು ಹೇಳಿದ್ದು: 'ನಾನು ತೆಗೆದುಬಿಡು ಅನ್ಲಿಲ್ಲ, ತೆಗೆದಿಡು ಅಂದೆ. ಬೇರೆಯದ್ದನ್ನು ಮಾರಿದರೂ ಅದನ್ನು ಮುಟ್ಟಬೇಡ ಅಂತ.'

ತೆಗೆದುಬಿಡು, ತೆಗೆದಿಡು. ಬೇಗ ಬೇಗ ಹೇಳಿ ನೋಡಿ. ಮಳೆಯಲ್ಲಿ ಹೇಳಿ ನೋಡಿ. ಒಂದು ಮಾರಾಟ, ಇನ್ನೊಂದು ಅದರ ಪೂರ್ತಿ ಉಲ್ಟಾ. ಅವರು ಸುಳ್ಳು ಹೇಳುವವರಲ್ಲ, ನಾನು ಅವರನ್ನು ಇಪ್ಪತ್ತು ವರ್ಷದಿಂದ ನೋಡಿದ್ದೇನೆ. ನಮ್ಮ ಹುಡುಗಿಯೂ ಸುಳ್ಳು ಹೇಳುವವಳಲ್ಲ. ಆರು ಸೆಕೆಂಡಿನ ಆ ವಾಯ್ಸ್ ಒಂದು ಸಲ ಕೇಳಿಸಿದರೆ ಮುಗಿಯುತ್ತಿತ್ತು. ಯಾರದ್ದು ಸರಿ ಅಂತ ಅವರೇ ಒಪ್ಪುತ್ತಿದ್ದರು, ಇಲ್ಲ ನಾವು ಒಪ್ಪುತ್ತಿದ್ದೆವು.

ನಾನು ಧೈರ್ಯವಾಗಿ ಸಿಸ್ಟಮ್ ತೆರೆದೆ. ಇದಕ್ಕೇ ಅಲ್ವಾ ಹಣ ಕೊಟ್ಟದ್ದು?

ಆ ದಿನದ ಬೆಳಿಗ್ಗೆ 9:47ಕ್ಕೆ ಹುಡುಕಿದರೆ ಏನೂ ಇಲ್ಲ. ಒಂದು ಗಂಟೆ ಹುಡುಕಿದ ಮೇಲೆ ಸಿಕ್ಕಿತು, ಬೆಳಗಿನ ಜಾವ 4:17ರಲ್ಲಿ. ಅವರ ಸರ್ವರ್ ಯುಟಿಸಿ ಅನ್ನುವ ಅಂತರರಾಷ್ಟ್ರೀಯ ಸಮಯದಲ್ಲಿ ಬರೆದಿಡುತ್ತದೆ, ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಮಾರ್ಕೆಟ್ ತೆರೆಯುವ 9:15ಕ್ಕಿಂತ ಐದು ಗಂಟೆ ಮೊದಲೇ ಆರ್ಡರ್ ಬಂದು ಟ್ರೇಡ್ ಆಯಿತು ಅಂತ ಆ ಕಾಗದ ಹೇಳುತ್ತದೆ. ಮಗ ತನ್ನ ಫೋನಿಗೆ ಅಪ್ಪ ಫಾರ್ವರ್ಡ್ ಮಾಡಿದ್ದ ನಮ್ಮ ಹುಡುಗಿಯ ಉತ್ತರದ ಸ್ಕ್ರೀನ್‌ಶಾಟ್ ಕಳಿಸಿದರು, ಅದರಲ್ಲಿ ದುಬೈ ಸಮಯ 8:20 ಇತ್ತು. ಒಂದೇ ಮಾತಿಗೆ ಮೂರು ಸಮಯ. ಇದನ್ನು ಮೂರನೆಯವರಿಗೆ ವಿವರಿಸಿ ಹೇಳುವುದು ಎಷ್ಟು ಕಷ್ಟ ಅಂತ ಅನುಭವಿಸಿದವರಿಗೇ ಗೊತ್ತು.

ಅದೂ ಹೋಗಲಿ. ಆ ಸಾಲಿನಲ್ಲಿ ಇದ್ದದ್ದು 'ಆಡಿಯೋ, 0:06' ಅಂತ ಮಾತ್ರ. ಒತ್ತಿದರೆ ಏನೂ ಆಗುವುದಿಲ್ಲ. ಅದರ ಕೆಳಗೆ ನಮ್ಮ ಹುಡುಗಿಯ ಉತ್ತರ, ಅದೂ ಡಬ್ಬಿ ಡಬ್ಬಿ, ನಡುವೆ 200 ಅನ್ನುವ ಅಂಕಿ ಒಂದೇ ಓದಲಿಕ್ಕೆ ಬರುತ್ತಿತ್ತು. ಕನ್ನಡದ ಫಾಂಟೇ ಇಲ್ಲ ಅವರ ಪಿಡಿಎಫ್‌ನಲ್ಲಿ. ಅಂದರೆ ನಮ್ಮ ಪುರಾವೆಯಲ್ಲಿ ನಾವು ಹೇಳಿದ್ದು ಅರ್ಧ ಇದೆ, ಗ್ರಾಹಕರು ಹೇಳಿದ್ದು ಇಲ್ಲವೇ ಇಲ್ಲ.

ಕಂಪನಿಗೆ ಫೋನ್ ಮಾಡಿದೆ. ವಾಯ್ಸ್, ಫೋಟೊ, ವಿಡಿಯೊ ಬೇರೆ ಪ್ಲಾನ್ ಸರ್, ನಿಮ್ಮದು ಟೆಕ್ಸ್ಟ್ ಪ್ಲಾನ್, ಅಂದರು. ಅಗ್ರಿಮೆಂಟಿನ ಹನ್ನೊಂದನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಅದು ಇತ್ತು, ಅದನ್ನು ಇಲ್ಲ ಅನ್ನುವುದಿಲ್ಲ. ಆದರೆ ಡೆಮೊ ದಿನ ನಾನು ಬಾಯಿಬಿಟ್ಟು ಕೇಳಿದ್ದೆ, ಎಲ್ಲ ಬರುತ್ತದಾ ಅಂತ. ಎಲ್ಲ ಬರುತ್ತದೆ ಅಂದಿದ್ದರು.

ಫೋನಿನಲ್ಲಾದರೂ ಇರಬೇಕಲ್ಲ ಅಂತ ನೋಡಿದೆವು. ಆ ಚಾಟಿನಲ್ಲಿ ಮೆಸೇಜ್ ತಾನೇ ಅಳಿಸಿಹೋಗುವ ಸೆಟ್ಟಿಂಗ್ ಆನ್ ಆಗಿತ್ತು, 90 ದಿನದ್ದು. ಎರಡು ಕಡೆಯವರಲ್ಲಿ ಯಾರು ಆನ್ ಮಾಡಿದರೂ ಇಬ್ಬರಿಗೂ ಅನ್ವಯ. ಫೋನಿನಲ್ಲಿ ಜಾಗ ಉಳಿಯಲಿ ಅಂತ ಮೊಮ್ಮಗ ಯಾವಾಗಲೋ ಹಾಕಿಕೊಟ್ಟಿದ್ದನಂತೆ. ಎರಡೂ ಫೋನಿನಿಂದ ಹೋಗಿತ್ತು.

ಮಗ ಸೆಬಿಯ ದೂರಿನ ವೆಬ್‌ಸೈಟ್ ಸ್ಕೋರ್ಸ್‌ನಲ್ಲಿ ದೂರು ಹಾಕಿದರು. ಅಲ್ಲಿ 21 ದಿನದೊಳಗೆ ಉತ್ತರ ಕೊಡಬೇಕು. ನಮ್ಮ ಬ್ರೋಕರ್ ಕಂಪನಿಯಲ್ಲಿ ನಿಯಮಪಾಲನೆ ನೋಡುವ ಕಂಪ್ಲಯನ್ಸಿನವರು ದಿನಕ್ಕೆ ಮೂರು ಸಲ ಫೋನ್ ಮಾಡಿ ಪುರಾವೆ ಎಲ್ಲಿ, ಪುರಾವೆ ಎಲ್ಲಿ ಅಂತ ಕೇಳಿದರು. ಕೊಡಲಿಕ್ಕೆ ನನ್ನ ಹತ್ತಿರ ಡಬ್ಬಿಗಳು ಮಾತ್ರ ಇದ್ದವು. 200 ಶೇರಿಗೆ ₹192ರ ಲೆಕ್ಕದಲ್ಲಿ ₹38,400 ಕೊಟ್ಟು ಮುಗಿಸಿದೆವು. ಹಣಕ್ಕಿಂತ ಜಾಸ್ತಿ ಬೇಜಾರಾದದ್ದು ಬೇರೆ. ಮಳೆಗಾಲಕ್ಕೆ ಮೊದಲು ಹಲಸಿನ ಹಪ್ಪಳದ ಕಟ್ಟು ತಂದುಕೊಡುತ್ತಿದ್ದವರು ಈಗ ನಮ್ಮ ಆಫೀಸಿನ ಮೆಟ್ಟಿಲು ಹತ್ತುವುದಿಲ್ಲ. ಡೀಲರ್ ಹುಡುಗಿ ಒಂದು ತಿಂಗಳು ಪ್ರತಿ ವಾಯ್ಸನ್ನೂ ನಾಲ್ಕು ನಾಲ್ಕು ಸಲ ಕೇಳುತ್ತಿದ್ದಳು, ಅಷ್ಟರಲ್ಲಿ ರೇಟು ಮುಂದೆ ಹೋಗುತ್ತಿತ್ತು.

ಆಮೇಲೆ ಕೂತು ಆ ಸಿಸ್ಟಮನ್ನು ಪೂರ್ತಿ ಜಾಲಾಡಿದೆ. ಒಬ್ಬ ಡೀಲರ್ ಆಗಸ್ಟಿನಲ್ಲಿ ಹೊಸ ಫೋನಿಗೆ ಬದಲಾಯಿಸಿದ್ದ. ಆ ದಿನದಿಂದ 19 ದಿನ ಅವನ ನಂಬರಿನ ಒಂದು ಮೆಸೇಜೂ ಇಲ್ಲ. ಯಾಕೆಂದರೆ ಈ ಸಿಸ್ಟಮ್ ವಾಟ್ಸಾಪಿನ ಅಧಿಕೃತ ಬಿಸಿನೆಸ್ ದಾರಿಯಿಂದ ಬರುವುದಲ್ಲ. ನಾವು ಕಂಪ್ಯೂಟರಿನಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ವಾಟ್ಸಾಪ್ ವೆಬ್ ತೆರೆಯುತ್ತೇವಲ್ಲ, ಅದನ್ನೇ ಅವರ ಸರ್ವರ್ ಮಾಡುತ್ತದೆ. ಹೊಸ ಫೋನಿನಲ್ಲಿ ಲಾಗಿನ್ ಆದ ಕೂಡಲೇ ಹಳೆಯ ಲಿಂಕ್ ಕಡಿಯುತ್ತದೆ. ಕಡಿದದ್ದಕ್ಕೆ ಒಂದು ಎಚ್ಚರಿಕೆಯ ಮೇಲ್ ಕೂಡ ಬರಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಹಸಿರು ಟಿಕ್ ಹಾಗೇ ಇತ್ತು. ಎಡಿಟ್ ಮಾಡಿದ ಮೆಸೇಜಿನದ್ದು ಇನ್ನೊಂದು ಕಥೆ. ವಾಟ್ಸಾಪಿನಲ್ಲಿ ಕಳಿಸಿದ ಮೇಲೆ 15 ನಿಮಿಷದವರೆಗೆ ತಿದ್ದಬಹುದು. 'ಐವತ್ತು ಕೊಡಿ' ಅಂತ ಬಂದದ್ದು 'ಐದು ಕೊಡಿ' ಅಂತ ಆದರೆ ಇವರಲ್ಲಿ ಉಳಿಯುವುದು ಎರಡನೆಯದ್ದು ಮಾತ್ರ, ನಾವು ಟ್ರೇಡ್ ಹಾಕಿದ್ದು ಮೊದಲನೆಯದ್ದನ್ನು ನೋಡಿ. ಮತ್ತೆ, ಎಷ್ಟು ಕಾಲ ಇಡಬೇಕು ಅನ್ನುವ ಸೆಟ್ಟಿಂಗ್ ಒಂದು ವರ್ಷಕ್ಕೆ ಇತ್ತು. ಬ್ರೋಕರ್ ಕೇಳಿದ್ದು ಐದು. ಬದಲಾಯಿಸುವುದು ನಿಮ್ಮ ಜವಾಬ್ದಾರಿ ಅಂತ ಅದಕ್ಕೂ ಒಂದು ಪುಟ ತೋರಿಸಿದರು.

ದೊಡ್ಡವರಿಗೆ ಇದೆಲ್ಲ ಸುಲಭ ಅಂತಲೂ ಅಲ್ಲ. ಅಮೆರಿಕದ ಜೆಪಿ ಮಾರ್ಗನ್ ಬ್ಯಾಂಕ್ 2021ರ ಡಿಸೆಂಬರಿನಲ್ಲಿ 20 ಕೋಟಿ ಡಾಲರ್ ದಂಡ ಕಟ್ಟಿತು, ನೌಕರರು ಸ್ವಂತ ಫೋನಿನ ವಾಟ್ಸಾಪಿನಲ್ಲಿ ವ್ಯವಹಾರ ಮಾತಾಡಿದ್ದಕ್ಕೆ, ಅದರ ದಾಖಲೆ ಇಡದ್ದಕ್ಕೆ. ಮರುವರ್ಷ ಸೆಪ್ಟೆಂಬರಿನಲ್ಲಿ ವಾಲ್ ಸ್ಟ್ರೀಟಿನ ಹಲವು ಸಂಸ್ಥೆಗಳು ಒಟ್ಟಿಗೆ ಸುಮಾರು 180 ಕೋಟಿ ಡಾಲರ್ ಕಟ್ಟಿದವು. ಇದನ್ನು ಓದಿದ ಮೇಲೆ ನಮ್ಮಲ್ಲಿ ವಿಚಾರಿಸಿದೆ. ಮೂವರು ಡೀಲರ್‌ಗಳ ಸ್ವಂತ ನಂಬರಿಗೂ ಆರ್ಡರ್ ಬರುತ್ತಿತ್ತು. ಗ್ರಾಹಕರು ಯಾವ ನಂಬರ್ ಮೊದಲು ಸಿಕ್ಕಿತೋ ಅದಕ್ಕೆ ಹಾಕುತ್ತಾರೆ, ಅವರನ್ನು ದೂರಿ ಫಲ ಇಲ್ಲ. ಈಗ ಸ್ವಂತ ನಂಬರಿಗೆ ಬಂದರೆ 'ಆಫೀಸ್ ನಂಬರಿಗೆ ಹಾಕಿ' ಅಂತ ಹೇಳುತ್ತಾರೆ, ಅಲ್ಲಿ ಬರುವ ತನಕ ಆರ್ಡರ್ ಹಾಕುವ ಟರ್ಮಿನಲ್ ಮುಟ್ಟುವುದಿಲ್ಲ.

ಇನ್ನೊಂದು ಹೆದರಿಕೆ, ಇದನ್ನು ಸುಮ್ನೆ ಬಿಡಬೇಡಿ. ಫೋನಿನಿಂದ ಫೋನಿಗೆ ಹೋಗುವ ಮೆಸೇಜನ್ನು ನಡುವೆ ಯಾರೂ ಓದಲಾಗದು, ಆದರೆ ಕಾದಿಡುವವರ ಕೈಗೆ ಅದರ ಒಂದು ಪ್ರತಿ ಹೋಗಲೇಬೇಕು. ಆ ಪ್ರತಿಗೆ ಬೀಗ ಹೇಗಿದೆ? 2025ರ ಮೇ ತಿಂಗಳಲ್ಲಿ ಟೆಲಿಮೆಸೇಜ್ ಅನ್ನುವ ಇಂಥದ್ದೇ ಸೇವೆಗೆ ಹ್ಯಾಕರ್‌ಗಳು ನುಗ್ಗಿದರು, ಅಮೆರಿಕ ಸರಕಾರದ ದೊಡ್ಡ ಅಧಿಕಾರಿಯೇ ಬಳಸುತ್ತಿದ್ದ ಸೇವೆ ಅದು. ನಮ್ಮ ಗ್ರಾಹಕರು ಆರ್ಡರ್ ಜೊತೆ ಪ್ಯಾನ್ ಕಾರ್ಡ್, ಚೆಕ್ಕಿನ ಫೋಟೊ, ಮನೆಯ ಕಷ್ಟಸುಖ ಎಲ್ಲ ಹಾಕುತ್ತಾರೆ.

ನೀವು ಇಂಥ ಸಿಸ್ಟಮ್ ಹಾಕಿಸುವುದಿದ್ದರೆ ಅವರ ಡೆಮೊ ನೋಡಬೇಡಿ, ನಿಮ್ಮ ಡೆಮೊ ಮಾಡಿಸಿ. ನಿಮ್ಮ ಗ್ರಾಹಕರು ಹೇಗೆ ಮಾತಾಡುತ್ತಾರೋ ಹಾಗೆ. ನಾನು ಎರಡನೇ ಸಲ ಮಾಡಿಸಿದ್ದು ಹೀಗೆ: ತುಳುವಿನಲ್ಲಿ ಒಂದು ವಾಯ್ಸ್, ಮಲಯಾಳ ಬೆರೆಸಿ ಇಂಗ್ಲಿಷ್ ಅಕ್ಷರದಲ್ಲಿ ಒಂದು ಮೆಸೇಜ್, ಒತ್ತಕ್ಷರ ಇರುವ ಕನ್ನಡದಲ್ಲಿ ಒಂದು, ಕೈಬರಹದ ಚೀಟಿಯ ಫೋಟೊ ಒಂದು, ಕಳಿಸಿ ಎಲ್ಲರಿಗೂ ಡಿಲೀಟ್ ಮಾಡಿದ್ದು ಒಂದು, ತಿದ್ದಿದ್ದು ಒಂದು. ಆಮೇಲೆ ಒಂದು ಫೋನಿನ ಲಿಂಕ್ ಕಡಿದು ಎಷ್ಟು ಹೊತ್ತಿಗೆ ಎಚ್ಚರಿಕೆ ಬರುತ್ತದೆ ಅಂತ ಗಡಿಯಾರ ನೋಡಿಕೊಂಡು ಕೂತೆ. ಮಾರನೇ ದಿನ ಅವರ ಜನ ಎದುರಿಗಿಲ್ಲದಾಗ ನಮ್ಮ ಬ್ಯಾಕ್ ಆಫೀಸಿನವರು ಆರನ್ನೂ ಹೊರಗೆ ತೆಗೆದು ಪೆನ್ ಡ್ರೈವಿಗೆ ಹಾಕಿ ಬೇರೆ ಕಂಪ್ಯೂಟರಿನಲ್ಲಿ ತೆರೆದರು. ಮೂರು ಕಂಪನಿಗಳಲ್ಲಿ ಎರಡು ಇಲ್ಲೇ ಬಿದ್ದವು. ಹಣ ಕೊಟ್ಟದ್ದು ಅದಾದ ಮೇಲೆ, ಮೂರು ತಿಂಗಳಿಗೆ ಮಾತ್ರ.

ಕೋರ್ಟು, ಆರ್ಬಿಟ್ರೇಶನ್ ತನಕ ಹೋಗುವ ಸಂದರ್ಭಕ್ಕೆ ಒಂದು ಮಾತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಕಂಪ್ಯೂಟರಿನಿಂದ ತೆಗೆದ ದಾಖಲೆಗೆ ಸರ್ಟಿಫಿಕೇಟ್ ಜೋಡಿಸಬೇಕು, ಅದರಲ್ಲಿ ಫೈಲಿನ ಹ್ಯಾಶ್ ಬರೆಯಬೇಕು. ಹ್ಯಾಶ್ ಅಂದರೆ ಫೈಲಿನ ಹೆಬ್ಬೆಟ್ಟಿನ ಗುರುತು ಇದ್ದ ಹಾಗೆ, ಒಂದಕ್ಷರ ಬದಲಾದರೂ ಅದು ಬದಲಾಗುತ್ತದೆ. ಮೆಸೇಜ್ ಬಂದ ದಿನವೇ ಸಿಸ್ಟಮ್ ಅದನ್ನು ಬರೆದಿಡುತ್ತದಾ ಕೇಳಿ. ಹಳೆಯವರನ್ನು ಕೇಳಿದಾಗ ಹಾಗಂದರೆ ಏನು ಸರ್ ಅಂದಿದ್ದರು.

ಹಳೆಯ ಸಿಸ್ಟಮ್ ಬಿಡುವುದೂ ಸುಲಭ ಆಗಲಿಲ್ಲ. ನಮ್ಮದೇ ಚಾಟ್ ವಾಪಸು ಕೊಡಲಿಕ್ಕೆ ಬೇರೆ ಚಾರ್ಜ್ ಕೇಳಿದರು. ಬಿಟ್ಟರೆ ಹಳೆಯ ದಾಖಲೆ ಇಲ್ಲವಾಗುತ್ತದೆ, ಅದಕ್ಕೆ ಕೊಟ್ಟೆವು. ಬಂದದ್ದು ಅವರ ಸಾಫ್ಟ್‌ವೇರಿನಲ್ಲಿ ಮಾತ್ರ ತೆರೆಯುವ ಫೈಲು. ಜಗಳ ಮಾಡಿ ಎರಡನೇ ಸಲ ತರಿಸಿದೆವು. ಅದರಲ್ಲೂ 31 ಫೈಲು ಇನ್ನೂ ತೆರೆಯುವುದಿಲ್ಲ. ಪ್ರತಿ ಶನಿವಾರ ಮಾರ್ಕೆಟ್ ಇಲ್ಲದ ದಿನ ಕೂತು ಯಾವುದು ತೆರೆಯುವುದಿಲ್ಲ ಅಂತ ಒಂದೊಂದಾಗಿ ಅವರಿಗೆ ಬರೆದು ಕಳಿಸುತ್ತಿದ್ದೇವೆ. ಹೊಸದರಲ್ಲಿ ಅದೇ ಶನಿವಾರ ಹುಡುಗಿ ಯಾವುದಾದರೂ ಒಂದು ವಾಯ್ಸ್ ಆರಿಸಿ ಹೊರಗೆ ತೆಗೆದು ಸ್ಪೀಕರಿನಲ್ಲಿ ಹಾಕುತ್ತಾಳೆ. ಸಮಯ, ಹೆಸರು, ಮಾತು ಮೂರನ್ನೂ ಒಂದು ಪುಸ್ತಕದಲ್ಲಿ ಬರೆದು ಇಬ್ಬರು ಸಹಿ ಹಾಕುತ್ತೇವೆ.