ಅಲಿಯೋ ಟೈಸನ್ನೋ?

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಚಹಾ ಕುಡೀತಾ ಗೆಳೆಯ ಕೇಳಿದ: ಬಾಕ್ಸರ್‌ಗಳಾದ ಮೊಹಮ್ಮದ್ ಅಲಿ, ಮೈಕ್ ಟೈಸನ್ ಇಬ್ಬರೂ ಒಳ್ಳೆ ಫಾರ್ಮ್‌ನಲ್ಲಿ ಎದುರಾದರೆ ಯಾರ ಕಡೆ ನಿಲ್ಲಲಿ?

ಕೈಯಳತೆ, ಅಂದರೆ ಎರಡೂ ಕೈ ಚಾಚಿದಾಗಿನ ಉದ್ದ ನೋಡಿದರೆ ಅಲಿ. ಅವನದು 78 ಇಂಚು, ಟೈಸನ್‌ದು 71. ನಡುವಿನ ಅಂತರ ನಮ್ಮ ತಟ್ಟೆಯಲ್ಲಿದ್ದ ಮಿರ್ಚಿ ಭಜಿಗಿಂತ ಉದ್ದ, ಹಾಗಾಗಿ ದೂರದಿಂದಲೇ ಅವನ ಜ್ಯಾಬ್ (ಮುಂದಿನ ಕೈಯ ನೇರ ಏಟು) ಬಂದು ಬಡಿಯುತ್ತದೆ.

ಹೊಡೆತ ನೋಡಿದರೆ ಟೈಸನ್. 1988ರಲ್ಲಿ ಸ್ಪಿಂಕ್ಸ್‌ನನ್ನು 91 ಸೆಕೆಂಡಿನಲ್ಲಿ ಮಲಗಿಸಿದ. ಅಲಿಗೆ ಎಡಗೈ ಹುಕ್ (ಪಕ್ಕದಿಂದ ಬೀಸುವ ಏಟು) ಅಂದರೆ ಕಷ್ಟವೇ. 1971ರಲ್ಲಿ ಫ್ರೇಜಿಯರ್ ಅದರಿಂದಲೇ ಕೆಡವಿದ್ದ, ಅಲ್ವಾ?

ಆದರೆ ದಮ್ಮು? 1974ರಲ್ಲಿ ಅಲಿ ಹಗ್ಗಕ್ಕೆ ಒರಗಿ ಫೋರ್‌ಮನ್‌ನ ಏಟು ತಿಂದೂ ತಿಂದೂ ಅವನನ್ನೇ ಸುಸ್ತು ಮಾಡಿ 8ನೇ ಸುತ್ತಿನಲ್ಲಿ ಬೀಳಿಸಿದ. ಟೈಸನ್ 1990ರಲ್ಲಿ ಉದ್ದ ಕೈಯ ಡಗ್ಲಸ್ ಎದುರು 10ನೇ ಸುತ್ತಿನಲ್ಲಿ ಸೋತ.

ನಾಲ್ಕು ಸುತ್ತಿನೊಳಗೆ ಮುಗಿದರೆ ಟೈಸನ್. ಹಳೇ ಕಾಲದ 15 ಸುತ್ತಾದರೆ ನನ್ನ ಚಹಾದ ದುಡ್ಡು ಅಲಿ ಮೇಲೆ.